ಬಾಯಿಬಿಡದ ಸಾಕ್ಷಿ: ಆರ್.ಕೆ. ಲಕ್ಷ್ಮಣ್ ಮತ್ತು ಅವರ ಸಾಮಾನ್ಯ ಮನುಷ್ಯ

ಮಾರಿಕುಪ್ಪಂ ಒಂದು ಕೊನೆಯ ನಿಲ್ದಾಣ. ಬಂಗಾರಪೇಟೆಯಿಂದ ಹೊರಟ ರೈಲು ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಇಲ್ಲಿಗೆ ಬಂದು ನಿಲ್ಲುತ್ತದೆ. ಮುಂದೆ ಹಳಿಯಿಲ್ಲ. 1894ರಲ್ಲಿ ಈ ಹಳಿ ಹಾಕಿದ್ದು ಊರಿಗಾಗಿ ಅಲ್ಲ, ಗಣಿಗಾಗಿ. ಇಂದು ಗಣಿಯಿಲ್ಲ, ಹಳಿ ಮಾತ್ರ ಉಳಿದಿದೆ. ಬೆಳಕು ಹರಿಯುವ ಮುನ್ನವೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಕೆಲಸಕ್ಕೆ ಹೊರಡುವ ಸಾವಿರಾರು ಜನ ಈ ರೈಲುಗಳನ್ನು ತುಂಬುತ್ತಾರೆ. ತಾತ ನೆಲದಡಿಗೆ ಇಳಿಯುತ್ತಿದ್ದ, ಮೊಮ್ಮಗ ರೈಲು ಹತ್ತುತ್ತಾನೆ. ಇಬ್ಬರೂ ಮನೆಗೆ ಬರುವಾಗ ಕತ್ತಲೆ.

ಇಂಥ ಒಂದು ಡಬ್ಬಿಯಲ್ಲಿ ಕುಳಿತು ಅಕ್ಕಪಕ್ಕದ ಮುಖಗಳನ್ನು ನೋಡುವಾಗ ನಮಗೆ ನೆನಪಾಗುವುದು ಒಂದು ಗೆರೆಯ ಚಿತ್ರ. ಬೋಳುತಲೆ, ಕಿವಿಯ ಹಿಂದೆ ಒಂದಿಷ್ಟು ಬಿಳಿಗೂದಲು, ದುಂಡು ಕನ್ನಡಕ, ಪೊದೆ ಮೀಸೆ, ಚೌಕಳಿ ಕೋಟು, ಪಂಚೆ. ಆರ್.ಕೆ. ಲಕ್ಷ್ಮಣರ 'ಸಾಮಾನ್ಯ ಮನುಷ್ಯ'. ಅರ್ಧ ಶತಮಾನ ಕಾಲ ಅವನು ಪತ್ರಿಕೆಯ ಮೊದಲ ಪುಟದಲ್ಲಿ ಎಲ್ಲವನ್ನೂ ನೋಡುತ್ತ ನಿಂತ, ಒಂದು ಮಾತೂ ಆಡಲಿಲ್ಲ. 2001ರಲ್ಲಿ ಪುಣೆಯ ಸಿಂಬಯಾಸಿಸ್ ಸಂಸ್ಥೆಯಲ್ಲಿ ಅವನ ಕಂಚಿನ ಪ್ರತಿಮೆ ಎದ್ದು ನಿಂತಿತು. ಅದೇ 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಎರಡಕ್ಕೂ ಸಂಬಂಧವಿಲ್ಲ. ಆದರೂ ಒಂದು ಪ್ರಶ್ನೆ ಏಳುತ್ತದೆ. ಕಂಚಾಗಿ ನಿಂತವನು ಯಾವ ಸಾಮಾನ್ಯ ಮನುಷ್ಯ? ಅವನಲ್ಲಿ ಮಾರಿಕುಪ್ಪದ ಮನುಷ್ಯನೂ ಇದ್ದಾನೆಯೇ? ನಮ್ಮ ನಾಡು ಕಂಡ ಅತಿ ದೊಡ್ಡ ವ್ಯಂಗ್ಯಚಿತ್ರಕಾರನ ಬದುಕನ್ನು ಈ ಪ್ರಶ್ನೆಯೊಂದಿಗೆ ನೋಡುವುದು ನಮ್ಮ ಉದ್ದೇಶ.

ಶ್ರೀರಂಗಪಟ್ಟಣದಿಂದ ಲಖನೌಗೆ

ವ್ಯಂಗ್ಯಚಿತ್ರ ಪಶ್ಚಿಮದ ಕಲೆ, ಬ್ರಿಟಿಷರೊಂದಿಗೆ ನಮ್ಮಲ್ಲಿಗೆ ಬಂದದ್ದು ಎನ್ನುತ್ತೇವೆ. ಸರಿ. ಆದರೆ ಕನ್ನಡ ನೆಲ ಆ ಕಲೆಯೊಳಗೆ ಕಾಲಿಟ್ಟದ್ದು ಬಹಳ ಹಿಂದೆ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದು, ಮಳೆ ಮತ್ತು ಆಹಾರದ ಅಭಾವಕ್ಕೆ ಸೋತು ಹಿಂತಿರುಗಿದ. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಜೇಮ್ಸ್ ಗಿಲ್ರೇ ಒಂದು ಚಿತ್ರ ಪ್ರಕಟಿಸಿದ. ಕತ್ತೆಯ ಮೇಲೆ ಕುಳಿತು ಓಡುತ್ತಿರುವ ಕಾರ್ನ್‌ವಾಲಿಸ್, ಕೋಟೆಯ ಮೇಲೆ ನಿಂತು ಅವನ ಮೇಲೆ ಮೂತ್ರದ 'ಮಳೆ' ಸುರಿಸುತ್ತಿರುವ ಟಿಪ್ಪು. ಚಿತ್ರ ಒರಟು, ಅಶ್ಲೀಲವೂ ಹೌದು. ಟಿಪ್ಪುವಿನ ಮೇಲಿನ ಗೌರವದಿಂದ ಬರೆದದ್ದೇನೂ ಅಲ್ಲ. ಆದರೆ ಒಂದು ಸಾಮ್ರಾಜ್ಯದ ರಾಜಧಾನಿಯಲ್ಲೇ ಆ ಸಾಮ್ರಾಜ್ಯದ ಸೇನಾಪತಿಯ ಮಾನ ಹರಾಜಾಯಿತು. ವ್ಯಂಗ್ಯಚಿತ್ರದ ಮೂಲಧರ್ಮ ಇದೇ: ತನ್ನವರ ಅಧಿಕಾರವನ್ನು ನೋಡಿ ನಗುವುದು.

1841ರಲ್ಲಿ ಲಂಡನ್ನಿನಲ್ಲಿ 'ಪಂಚ್' ಪತ್ರಿಕೆ ಹುಟ್ಟಿತು. ಭಾರತದಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಹಲವರು. ಅವರಲ್ಲಿ ಹೆಸರಾದದ್ದು ಲಖನೌದ ಉರ್ದು ವಾರಪತ್ರಿಕೆ 'ಅವಧ್ ಪಂಚ್'. 1877ರಲ್ಲಿ ಮುನ್ಶಿ ಸಜ್ಜಾದ್ ಹುಸೇನ್ ಇದನ್ನು ಆರಂಭಿಸಿದರು. ಅಕ್ಬರ್ ಇಲಾಹಾಬಾದಿಯವರಂಥ ಕವಿಗಳು ಇದರಲ್ಲಿ ಬರೆದರು. ಹಿಂದೂ ಮುಸ್ಲಿಂ ಬರಹಗಾರರು ಒಂದೇ ಪುಟದಲ್ಲಿ ಕೂಡಿ ಬ್ರಿಟಿಷ್ ಸರಕಾರವನ್ನೂ, ಅದರ ಬಾಲ ಹಿಡಿದ ನಮ್ಮ ಗಣ್ಯರನ್ನೂ ಗೇಲಿ ಮಾಡಿದರು. ತಮಿಳಿನಲ್ಲಿ ಸುಬ್ರಹ್ಮಣ್ಯ ಭಾರತಿಯವರು 1906ರಲ್ಲಿ ಮದ್ರಾಸಿನಿಂದ ಹೊರಡಿಸಿದ 'ಇಂಡಿಯಾ' ವಾರಪತ್ರಿಕೆ ವ್ಯಂಗ್ಯಚಿತ್ರಗಳನ್ನು ರಾಜಕೀಯದ ಆಯುಧ ಮಾಡಿಕೊಂಡಿತು.

ಕನ್ನಡದಲ್ಲಿ ನಗೆಗೆ ಸ್ವಂತ ಮನೆ ಸಿಕ್ಕಿದ್ದು 1942ರಲ್ಲಿ, 'ಕೊರವಂಜಿ'ಯಲ್ಲಿ. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ರೋಗಿಗಳ ನಾಡಿ ಹಿಡಿಯುತ್ತಲೇ ಸಮಾಜದ ನಾಡಿಯನ್ನೂ ಹಿಡಿದರು. ಆ ಪತ್ರಿಕೆಗೆ ಚಿತ್ರ ಬರೆದುಕೊಟ್ಟವರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಒಬ್ಬ ಹುಡುಗನಿದ್ದ. ಅವನೇ ಲಕ್ಷ್ಮಣ್.

ಗೋಡೆ ಮೇಲಿನ ಗೆರೆ

ರಾಶೀಪುರಂ ಕೃಷ್ಣಸ್ವಾಮಿ ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಶಾಲಾ ಮುಖ್ಯೋಪಾಧ್ಯಾಯರು. ಮನೆಯಲ್ಲಿ ಮಾತು ತಮಿಳು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಲಕ್ಷ್ಮಣ್ ಮನೆಯ ಕೊನೆಯ ಕೂಸು. ಹದಿನೈದು ವರ್ಷ ದೊಡ್ಡವರಾದ ಅಣ್ಣ ಆರ್.ಕೆ. ನಾರಾಯಣ್ ಮುಂದೆ 'ಮಾಲ್ಗುಡಿ'ಯನ್ನು ಸೃಷ್ಟಿಸಿದ ಕಾದಂಬರಿಕಾರ.

ಹುಡುಗ ಅಕ್ಷರ ಕಲಿಯುವ ಮೊದಲೇ ಗೆರೆ ಕಲಿತ. ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡಲಿಲ್ಲ. ಶಾಲೆಯಲ್ಲಿ ಎಲೆಯೊಂದನ್ನು ಬರೆಯಲು ಹೇಳಿದಾಗ ಲಕ್ಷ್ಮಣ್ ಬರೆದ ಅರಳಿ ಎಲೆಯನ್ನು ನೋಡಿ ಮೇಷ್ಟ್ರು ಮೆಚ್ಚಿ ಬೆನ್ನು ತಟ್ಟಿದರು. ಆ ಒಂದು ಮೆಚ್ಚುಗೆಯಿಂದ ತಾನು ಚಿತ್ರಕಾರನೇ ಆಗಬೇಕೆಂದು ತೀರ್ಮಾನಿಸಿದೆ ಎಂದು ಅವರು ದೊಡ್ಡವರಾದ ಮೇಲೆ ನೆನೆಸಿಕೊಂಡಿದ್ದಾರೆ. ಅದೇ ಕಾಲದಲ್ಲಿ ಕಾಗೆ ಅವರ ಕಣ್ಣಿಗೆ ಬಿತ್ತು. ಹಸಿರು ಮರ, ನೀಲಿ ಆಕಾಶ, ಕೆಮ್ಮಣ್ಣಿನ ನಡುವೆ ಎದ್ದು ಕಾಣುವ ಆ ಕಪ್ಪು ಹಕ್ಕಿಯನ್ನು ಅವರು ಜೀವನಪೂರ್ತಿ ಬರೆದರು. ಯಾರೂ ಲೆಕ್ಕಕ್ಕೆ ಇಡದ ಹಕ್ಕಿಯಲ್ಲಿ ಅಷ್ಟು ಚೆಲುವು ಕಂಡ ಕಣ್ಣೇ ಮುಂದೆ ಯಾರೂ ಲೆಕ್ಕಕ್ಕೆ ಇಡದ ಮನುಷ್ಯನನ್ನೂ ಕಂಡಿತು.

'ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳು ಹುಡುಗನ ಗುರುಗಳಾದವು. ಸಹಿಯನ್ನು 'ಕೌ' ಎಂದು ತಪ್ಪಾಗಿ ಓದಿಕೊಂಡು ಬಹುಕಾಲ ಹಾಗೆಯೇ ನಂಬಿದ್ದರಂತೆ. ತಂದೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ತೀರಿಕೊಂಡಾಗ ಲಕ್ಷ್ಮಣ್ ಇನ್ನೂ ಶಾಲಾಬಾಲಕ. ಸಂಸಾರದ ಭಾರ ಅಣ್ಣಂದಿರ ಮೇಲೆ ಬಿತ್ತು.

ಓದು ಮುಗಿಸಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಅಲ್ಲಿಗೆ ಸೇರಲು ಬೇಕಾದ ಪ್ರತಿಭೆ ಇವರ ಚಿತ್ರಗಳಲ್ಲಿಲ್ಲ ಎಂಬ ಉತ್ತರ ಬಂತು. ಲಕ್ಷ್ಮಣ್ ಮಹಾರಾಜಾ ಕಾಲೇಜಿಗೆ ಸೇರಿ ಬಿ.ಎ. ಮುಗಿಸಿದರು. ಓದುತ್ತಲೇ 'ಹಿಂದೂ'ವಿನಲ್ಲಿ ಅಣ್ಣನ ಕಥೆಗಳಿಗೆ ಚಿತ್ರ, 'ಕೊರವಂಜಿ'ಗೆ ನಗೆಚಿತ್ರ, 'ಸ್ವರಾಜ್ಯ', 'ಬ್ಲಿಟ್ಜ್'ಗಳಿಗೆ ರಾಜಕೀಯ ಚಿತ್ರ ಬರೆದರು. ಅವರ ಕೈ ಪಳಗಿದ್ದು ಹೀಗೆ, ನಮ್ಮ ಮೈಸೂರಿನ ಬೀದಿಗಳಲ್ಲಿ. ಮುಂದೆ ಅವರು ಬರೆದ ಕಚೇರಿ ಗುಮಾಸ್ತ, ಛತ್ರಿ ಹಿಡಿದ ಮೇಷ್ಟ್ರು, ಕಟ್ಟೆಯ ಮೇಲೆ ಕುಳಿತ ಮುದುಕ ಎಲ್ಲರೂ ದೇವರಾಜ ಮಾರುಕಟ್ಟೆಯ ಸುತ್ತ ಅಡ್ಡಾಡಿದವರಂತೆಯೇ ಕಾಣುತ್ತಾರೆ. 1986ರಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಲಕ್ಷ್ಮಣ್ ರೇಖಾಚಿತ್ರ ಬರೆದುಕೊಟ್ಟಾಗ ಆ ಬೀದಿ ಮತ್ತೆ ಕನ್ನಡದ ಮನೆಗಳಿಗೆ ಬಂತು.

ಒಂದು ಕಚೇರಿ, ಎರಡು ದಾರಿ

ಸ್ವಾತಂತ್ರ್ಯದ ಹೊತ್ತಿಗೆ ಲಕ್ಷ್ಮಣ್ ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್'ನಲ್ಲಿ ವ್ಯಂಗ್ಯಚಿತ್ರಕಾರರಾದರು. ಅದೇ ಕಚೇರಿಯಲ್ಲಿ ಅವರಿಗೊಬ್ಬ ಸಹೋದ್ಯೋಗಿ ಇದ್ದ, ಬಾಳ್ ಠಾಕ್ರೆ. ಆತನಿಗೂ ಡೇವಿಡ್ ಲೋ ಎಂದರೆ ಪ್ರಾಣ. ಒಂದೇ ಗುರುವಿನ ಇಬ್ಬರು ಏಕಲವ್ಯರು.

ಲಕ್ಷ್ಮಣ್ ಬೇಗ ಆ ಕೆಲಸ ಬಿಟ್ಟರು. ಕಮ್ಯುನಿಸ್ಟರನ್ನು ಗೇಲಿ ಮಾಡಬಾರದೆಂದು ಮಾಲೀಕರು ಹೇಳಿದ್ದನ್ನು ಒಪ್ಪಲಾಗದೆ ಹೊರನಡೆದರು ಎಂಬುದು ಪ್ರಸಿದ್ಧ ಸಂಗತಿ. 1947ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ನಾಜಿಗಳ ಕಾಲದಲ್ಲಿ ಆಸ್ಟ್ರಿಯಾದಿಂದ ಬಂದು ಮುಂಬಯಿಯಲ್ಲಿ ನೆಲೆಸಿದ್ದ ಕಲಾವಿದ ವಾಲ್ಟರ್ ಲಾಂಗ್‌ಹ್ಯಾಮರ್ ಅಲ್ಲಿ ಕಲಾ ವಿಭಾಗ ನೋಡಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಐವತ್ತು ವರ್ಷಗಳಿಗೂ ಮಿಕ್ಕಿ ಲಕ್ಷ್ಮಣ್ ಪತ್ರಿಕೆ ಬದಲಿಸಲಿಲ್ಲ.

ಠಾಕ್ರೆಯ ದಾರಿ ಬೇರೆಯಾಯಿತು. 1960ರಲ್ಲಿ ಅವರು 'ಮಾರ್ಮಿಕ್' ಎಂಬ ಮರಾಠಿ ವ್ಯಂಗ್ಯಚಿತ್ರ ವಾರಪತ್ರಿಕೆ ಆರಂಭಿಸಿದರು. ಅದು ಕಚೇರಿಗಳಲ್ಲಿ ಕೆಲಸ ಮಾಡುವ ದಕ್ಷಿಣ ಭಾರತೀಯರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿತು. ಅದರ ಬೆನ್ನಿಗೆ 1966ರಲ್ಲಿ ಶಿವಸೇನೆ ಹುಟ್ಟಿತು. ಉಡುಪಿ ಹೋಟೆಲಿನ ಹುಡುಗ, ಮಂಗಳೂರಿನ ಟೈಪಿಸ್ಟ್, ಮದ್ರಾಸಿನ ಗುಮಾಸ್ತ ಎಲ್ಲರೂ 'ಹೊರಗಿನವರು' ಆದರು. ಮುಂದೆ ಬೆರಳು ಮುಸ್ಲಿಮರ ಕಡೆಗೆ ತಿರುಗಿತು. 1992-93ರ ಮುಂಬಯಿ ಗಲಭೆಗಳ ಬಗ್ಗೆ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ಕೊಟ್ಟ ವರದಿ ಏನು ಹೇಳಿತೆಂಬುದು ಎಲ್ಲರೂ ಓದಬಹುದಾದ ದಾಖಲೆ.

ಇಬ್ಬರ ಸ್ನೇಹ ಕೊನೆಯವರೆಗೂ ಕೆಡಲಿಲ್ಲ, ಅದು ಅವರ ಖಾಸಗಿ ಮಾತು. ಇತಿಹಾಸದ ಮಾತು ಬೇರೆ. ಒಂದೇ ಕುಂಚ, ಒಂದೇ ಶಾಯಿ. ಒಬ್ಬರು ಅದನ್ನು ಮೇಲೆ ಕುಳಿತವರ ಕಡೆಗೆ ಹಿಡಿದರು, ಇನ್ನೊಬ್ಬರು ಪಕ್ಕದಲ್ಲಿ ಕುಳಿತವನ ಕಡೆಗೆ ತಿರುಗಿಸಿದರು. ವ್ಯಂಗ್ಯಚಿತ್ರ ತಾನಾಗಿಯೇ ಪ್ರಗತಿಪರವೂ ಅಲ್ಲ, ಪ್ರಜಾಪ್ರಭುತ್ವದ ಕಾವಲುಗಾರನೂ ಅಲ್ಲ. ಅದು ಯಾರನ್ನು ನೋಡಿ ನಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಗುಂಪಿನಿಂದ ಒಬ್ಬ

1951ರಲ್ಲಿ 'ಯೂ ಸೆಡ್ ಇಟ್' ಎಂಬ ಪುಟ್ಟ ಚೌಕಟ್ಟು ಆರಂಭವಾಯಿತು. ಇದರಲ್ಲಿ ಕಾಣಿಸಿಕೊಂಡವನೇ ಸಾಮಾನ್ಯ ಮನುಷ್ಯ. ಅವನು ಹುಟ್ಟಿದ ಬಗೆ ಕುತೂಹಲಕರ. ಮೊದಲು ಲಕ್ಷ್ಮಣ್ ತಮ್ಮ ಚಿತ್ರಗಳಲ್ಲಿ ದೇಶದ ಎಲ್ಲ ಬಗೆಯ ಜನರನ್ನೂ ತುಂಬಲು ನೋಡುತ್ತಿದ್ದರು: ಬಂಗಾಳಿ, ತಮಿಳ, ಪಂಜಾಬಿ, ಹೀಗೆ. ಪ್ರತಿದಿನ ಗಡಿಯಾರದೊಂದಿಗೆ ಓಟ. ಅಷ್ಟು ಜನರನ್ನು ಬರೆಯಲು ಸಮಯವಿಲ್ಲ. ಒಬ್ಬೊಬ್ಬರಾಗಿ ಬಿಟ್ಟುಹೋಗಿ ಕೊನೆಗೆ ಚೌಕಳಿ ಕೋಟಿನ ಒಬ್ಬನೇ ಉಳಿದ. ಇದನ್ನು ಲಕ್ಷ್ಮಣರೇ ಹೇಳಿದ್ದಾರೆ.

ಆ ಒಬ್ಬನನ್ನು ಇಡೀ ದೇಶ ತನ್ನವನೆಂದುಕೊಂಡಿತು. ಭ್ರಷ್ಟ ಮಂತ್ರಿಯ ಹಿಂದೆ, ಗುಂಡಿಬಿದ್ದ ರಸ್ತೆಯ ಪಕ್ಕ, ಪಡಿತರದ ಸಾಲಿನಲ್ಲಿ, ವಿಮಾನ ನಿಲ್ದಾಣದಲ್ಲಿ ವಿದೇಶಯಾತ್ರೆಗೆ ಹೊರಟ ನಾಯಕನ ಬದಿಯಲ್ಲಿ ಅವನಿದ್ದ. ಹುಬ್ಬೇರಿಸಿ ನೋಡುವುದಷ್ಟೇ ಅವನ ಕೆಲಸ. ಮಾತಾಡುವವರು ಬೇರೆಯವರು, ಮೂರ್ಖರಾಗುವವರೂ ಅವರೇ. 1988ರಲ್ಲಿ ಅವನಿಗೊಂದು ಅಂಚೆಚೀಟಿ ಬಂತು. 2003ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದ ಅಗ್ಗದ ದರದ ಏರ್ ಡೆಕ್ಕನ್ ಅವನನ್ನೇ ತನ್ನ ಗುರುತು ಮಾಡಿಕೊಂಡಿತು. ಆ ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಮಾರಿಕುಪ್ಪದ ಸಾಮಾನ್ಯ ಮನುಷ್ಯ ಮಾತ್ರ ಮೊದಲಿನಿಂದಲೂ ರೈಲಿನಲ್ಲೇ ನಿಂತು ಪ್ರಯಾಣ ಮಾಡುತ್ತಿದ್ದಾನೆ.

ಲಕ್ಷ್ಮಣರ ಮೇಲಿನ ಅಭಿಮಾನ ಕಡಿಮೆ ಮಾಡಿಕೊಳ್ಳದೆಯೇ ಒಂದು ಮಾತು ಹೇಳಬೇಕು. ಎಲ್ಲರೂ ಹೊರಟುಹೋಗಿ ಉಳಿದ ಆ ಒಬ್ಬನಿಗೆ ಕೋಟಿದೆ, ಕನ್ನಡಕವಿದೆ, ಪತ್ರಿಕೆ ಓದುವ ಬಿಡುವಿದೆ. ಅವನು ನಗರದ ಮಧ್ಯಮವರ್ಗದ, ನಿವೃತ್ತಿಯ ಅಂಚಿನಲ್ಲಿರುವ ಗಂಡಸು. ಜಾತಿಯನ್ನು ಚಿತ್ರ ಹೇಳುವುದಿಲ್ಲ, ಆದರೆ ಸುರಂಗಕ್ಕೆ ಇಳಿಯುವವನ ಜಾತಿ ಅದಲ್ಲ ಎಂದು ತಿಳಿಯಲು ಜಾಣತನ ಬೇಕಿಲ್ಲ. ಬೀಡಿ ಕಟ್ಟುವ ಹೆಂಗಸು, ಗುಜರಿ ವ್ಯಾಪಾರದ ಸಾಬರು, ಮಲ ಹೊರುವವನು ಸಾಮಾನ್ಯರಲ್ಲವೇ? ಇಂಥ ಜನ ಪತ್ರಿಕೆಗಳ ಚಿತ್ರಗಳಲ್ಲಿ ಬಂದಾಗ ಸಾಮಾನ್ಯವಾಗಿ ಒಂದು ಗುರುತು ಹೊತ್ತು ಬರುತ್ತಾರೆ. ಟೋಪಿ, ಗಡ್ಡ, ಬುರ್ಖಾ. ಕೋಟಿನವನು ಎಲ್ಲರ ಪ್ರತಿನಿಧಿ, ಟೋಪಿಯವನು ಟೋಪಿಯವರ ಪ್ರತಿನಿಧಿ ಮಾತ್ರ. ಇದು ಲಕ್ಷ್ಮಣರೊಬ್ಬರ ತಪ್ಪಲ್ಲ, ಪತ್ರಿಕೆಯನ್ನು ಬರೆಯುವವರು ಯಾರು, ಓದುವವರು ಯಾರು ಎಂಬ ದೊಡ್ಡ ಪ್ರಶ್ನೆಯ ಒಂದು ತುಣುಕು.

ಬಸವನಹುಳು ಮತ್ತು ಪೋಸ್ಟ್‌ಕಾರ್ಡು

ಭಾರತದ ರಾಜಕೀಯ ವ್ಯಂಗ್ಯಚಿತ್ರದ ಪಿತಾಮಹ ಎನಿಸಿಕೊಂಡವರು ಕೇರಳದ ಕೆ. ಶಂಕರ್ ಪಿಳ್ಳೆ. 1939ರಲ್ಲಿ ಅವರು ಜಿನ್ನಾ ಕುರಿತು ಬರೆದ ಒಂದು ಚಿತ್ರ ಗಾಂಧೀಜಿಯವರ ಕಣ್ಣಿಗೆ ಬಿತ್ತು. ಜಿನ್ನಾ ಗಾಂಧಿಯವರ ರಾಜಕೀಯ ಎದುರಾಳಿ. ಆದರೂ ಗಾಂಧಿ ಶಂಕರ್‌ಗೆ ಕಾಗದ ಬರೆದರು. ಚಿತ್ರ ಸತ್ಯಕ್ಕೆ ದೂರವಾಗಿದೆ, ಅಭಿರುಚಿಯೂ ಚೆನ್ನಾಗಿಲ್ಲ, ಹಾಸ್ಯ ಕಚ್ಚಬಾರದು ಎಂಬುದು ಅದರ ಸಾರ. ಎದುರಾಳಿಯ ಮಾನ ಕಾಯಲು ಪೆನ್ನು ಹಿಡಿಯುವ ರಾಜಕಾರಣ ಒಂದು ಕಾಲದಲ್ಲಿ ಇತ್ತು.

ಅದೇ ಶಂಕರ್ 1949ರಲ್ಲಿ ಇನ್ನೊಂದು ಚಿತ್ರ ಬರೆದರು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಚಾಟಿ ಹಿಡಿದು ಕುಳಿತ ಅಂಬೇಡ್ಕರ್, ಹಿಂದೆ ಚಾಟಿ ಎತ್ತಿದ ನೆಹರೂ. ಕೆಲಸ ನಿಧಾನವಾಯಿತು ಎಂಬುದು ಆಗಿನ ಓದುಗರಿಗೆ ಕಂಡ ಅರ್ಥ. 2006ರಲ್ಲಿ ಅದು ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪುಸ್ತಕ ಸೇರಿತು. 2012ರಲ್ಲಿ ಸಂಸತ್ತಿನಲ್ಲಿ ಕೋಲಾಹಲವಾಗಿ ಅದನ್ನು ತೆಗೆಯುವ ತೀರ್ಮಾನವಾಯಿತು. ಆಗ ಅನೇಕ ಉದಾರವಾದಿಗಳು ದಲಿತರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದರು. 2019ರಲ್ಲಿ ಉನ್ನಮಟಿ ಶ್ಯಾಮಸುಂದರ್ ಅವರು 1932ರಿಂದ 1956ರವರೆಗೆ ಇಂಗ್ಲಿಷ್ ಪತ್ರಿಕೆಗಳು ಅಂಬೇಡ್ಕರರನ್ನು ಚಿತ್ರಿಸಿದ ಬಗೆಯನ್ನು ಒಂದೇ ಪುಸ್ತಕದಲ್ಲಿ ಕೂಡಿಸಿದಾಗ ಒಂದು ಚಿತ್ರವಲ್ಲ, ಒಂದು ಚಾಳಿ ಎದುರಿಗೆ ನಿಂತಿತು.

ನಿಷೇಧ ಪರಿಹಾರವೆಂದು ನಾವು ಹೇಳುತ್ತಿಲ್ಲ. ಒಂದು ಚಿತ್ರಕ್ಕೆ ಉತ್ತರ ಇನ್ನೊಂದು ಚಿತ್ರ, ಒಂದು ಬರಹ, ಒಂದು ಪ್ರಶ್ನೆ. 2005ರಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರವಾದಿಯವರನ್ನು ಅವಹೇಳನ ಮಾಡುವ ಚಿತ್ರಗಳನ್ನು ಪ್ರಕಟಿಸಿದಾಗ ನಮ್ಮ ಸಮುದಾಯಕ್ಕೆ ನೋವಾಯಿತು. ಆ ನೋವು ನಿಜ. ಅದರ ಹೆಸರಿನಲ್ಲಿ ಮುಂದಿನ ವರ್ಷಗಳಲ್ಲಿ ನಡೆದ ಹಿಂಸೆ ಆ ನೋವಿಗೇ ಮಾಡಿದ ದ್ರೋಹ, ಅದೂ ನಿಜ. ನಗುವ ಹಕ್ಕು ಇರಬೇಕು. ಆದರೆ ಬಲವಿದ್ದವನನ್ನು ನೋಡಿ ನಗುವುದೂ, ಮೊದಲೇ ಮೂಲೆಗೆ ಒತ್ತಿದವನನ್ನು ನೋಡಿ ನಗುವುದೂ ಒಂದೇ ಅಲ್ಲ ಎಂದು ಹೇಳುವ ಹಕ್ಕೂ ಇರಬೇಕು.

ಬೆನ್ನು ತಿರುಗಿಸಿದ ಹುಡುಗ

1975ರ ತುರ್ತುಪರಿಸ್ಥಿತಿ ವ್ಯಂಗ್ಯಚಿತ್ರಕಾರರಿಗೆ ಅಗ್ನಿಪರೀಕ್ಷೆಯಾಯಿತು. 'ಶಂಕರ್ಸ್ ವೀಕ್ಲಿ' ಆ ವರ್ಷ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಸರ್ವಾಧಿಕಾರಗಳಿಗೆ ನಗಲು ಬರುವುದಿಲ್ಲ ಎಂದು ಶಂಕರ್ ವಿದಾಯದ ಲೇಖನದಲ್ಲಿ ಬರೆದರು. ಲಕ್ಷ್ಮಣ್ ಇಂದಿರಾ ಗಾಂಧಿಯವರನ್ನೇ ನೇರವಾಗಿ ಕಂಡು ಸೆನ್ಸಾರಿನ ಬಗ್ಗೆ ದೂರಿದರು. ಕೆಲಕಾಲ ಉಸಿರಾಟ ಸುಲಭವಾಯಿತು. ಆಮೇಲೆ ಮಂತ್ರಿಯೊಬ್ಬರ ಎಚ್ಚರಿಕೆ ಬಂತು. ಲಕ್ಷ್ಮಣ್ ಕುಂಚ ಕೆಳಗಿಟ್ಟು ಮಾರಿಷಸ್‌ಗೆ ರಜೆಯ ಮೇಲೆ ಹೋದರು. ಜೈಲಿಗೆ ಹೋಗಲಿಲ್ಲ, ಹೊಗಳುವ ಚಿತ್ರವನ್ನೂ ಬರೆಯಲಿಲ್ಲ. ವೀರಗಾಥೆಯಲ್ಲ, ಆದರೆ ಶರಣಾಗತಿಯೂ ಅಲ್ಲ. ಸಾಮಾನ್ಯ ಮನುಷ್ಯನ ನಡವಳಿಕೆಯೇ ಅದು.

ಇದೇ ಕಾಲದಲ್ಲಿ ಇನ್ನೊಂದು ಕಡೆ ಇನ್ನೊಬ್ಬ ಮೂಕ ಸಾಕ್ಷಿ ಹುಟ್ಟಿದ್ದ. ಪ್ಯಾಲೆಸ್ತೀನಿನ ನಾಜಿ ಅಲ್ ಅಲಿ 1948ರಲ್ಲಿ ಊರು ಕಳೆದುಕೊಂಡು ಲೆಬನಾನಿನ ಐನುಲ್ ಹಿಲ್ವೆ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು. 1969ರಲ್ಲಿ ಕುವೈತಿನ ಪತ್ರಿಕೆಯಲ್ಲಿ ಅವರು 'ಹಂದಲಾ' ಎಂಬ ಹತ್ತು ವರ್ಷದ ಹುಡುಗನನ್ನು ಬರೆದರು. ಬರಿಗಾಲು, ತೇಪೆ ಹಾಕಿದ ಅಂಗಿ, ಮುಳ್ಳಿನಂಥ ಕೂದಲು. ಕೈ ಹಿಂದೆ ಕಟ್ಟಿ ನಮಗೆ ಬೆನ್ನು ತಿರುಗಿಸಿ ನಿಂತಿರುತ್ತಾನೆ. ಅವನೂ ಮಾತಾಡುವುದಿಲ್ಲ. ಊರಿಗೆ ಮರಳುವವರೆಗೆ ಅವನು ದೊಡ್ಡವನಾಗುವುದಿಲ್ಲ ಎಂದರು ನಾಜಿ. ಇಸ್ರೇಲನ್ನೂ, ಅರಬ್ ದೊರೆಗಳನ್ನೂ, ತಮ್ಮದೇ ನಾಯಕರನ್ನೂ ಅವರು ಬಿಡಲಿಲ್ಲ. 1987ರ ಜುಲೈನಲ್ಲಿ ಲಂಡನ್ನಿನ ಬೀದಿಯಲ್ಲಿ ಅವರಿಗೆ ಗುಂಡು ಹಾರಿಸಲಾಯಿತು, ಆಗಸ್ಟ್ 29ರಂದು ತೀರಿಕೊಂಡರು.

ನಮ್ಮ ಮುದುಕ ನಮ್ಮ ಕಡೆ ಮುಖ ಮಾಡಿ ಬೆರಗಾಗಿ ನೋಡುತ್ತಾನೆ. ಆ ಹುಡುಗ ಮುಖವನ್ನೇ ತೋರಿಸುವುದಿಲ್ಲ. ಒಬ್ಬನಿಗೆ ದೂರುಗಳಿವೆ, ಆದರೆ ಮನೆಯಿದೆ. ಇನ್ನೊಬ್ಬನಿಗೆ ಮನೆಯೇ ಇಲ್ಲ. ಇಬ್ಬರ ಮೌನದ ಅರ್ಥವೂ ಆದ್ದರಿಂದಲೇ ಬೇರೆ.

ಮತ್ತೆ ಮಾರಿಕುಪ್ಪಂ

ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. 2003ರಲ್ಲಿ ಪಾರ್ಶ್ವವಾಯು ಅವರ ಎಡಭಾಗವನ್ನು ಕಸಿಯಿತು, ಬರೆಯುವ ಕೈ ಉಳಿಯಿತು. 2015ರ ಜನವರಿ 26ರಂದು, ಗಣರಾಜ್ಯದ ದಿನವೇ, ಪುಣೆಯಲ್ಲಿ ಕಣ್ಣು ಮುಚ್ಚಿದರು. ಗಣರಾಜ್ಯದ ಪ್ರತಿ ಹೆಜ್ಜೆಯನ್ನೂ ಹುಬ್ಬೇರಿಸಿ ನೋಡಿದವರಿಗೆ ಅಂಥ ದಿನವೇ ಸಿಕ್ಕಿತು.

ಮಾರಿಕುಪ್ಪದ ಜನ ತಮ್ಮನ್ನು ಬೇರೆ ಯಾರಾದರೂ ಬರೆಯಲಿ ಎಂದು ಕಾದು ಕುಳಿತವರಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಚಳವಳಿ ಇಲ್ಲಿ ಬೇರುಬಿಟ್ಟಿತ್ತು. ಅವರು 1907ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ 'ತಮಿಳನ್' ಪತ್ರಿಕೆ ಅವರ ನಂತರ ನಿಂತುಹೋದಾಗ, 1926ರಲ್ಲಿ ಜಿ. ಅಪ್ಪಾದುರೈ ಅದನ್ನು ಇದೇ ಚಿನ್ನದ ಗಣಿಯಿಂದ ಮತ್ತೆ ಹೊರಡಿಸಿದರು. ಸುರಂಗದಲ್ಲಿ ಹಗಲು ಕಳೆದವರು ಪತ್ರಿಕೆಗೆ ಕಾಸು ಕೂಡಿಸಿದರು. 1930ರಲ್ಲಿ ಕಂಪನಿ ಬೆರಳಚ್ಚು ಕೇಳಿದಾಗ, ನಾವೇನು ಕಳ್ಳರೇ ಎಂದು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಇವರು ಸಾಮಾನ್ಯರು, ಆದರೆ ಮೂಕರಲ್ಲ.

ಲಕ್ಷ್ಮಣರ ಮುದುಕ ನಮಗೆ ಕೊಟ್ಟದ್ದು ಒಂದು ನೋಟ. ಅಧಿಕಾರವನ್ನು ಭಯವಿಲ್ಲದೆ ನೇರವಾಗಿ ನೋಡುವ ನೋಟ. ಅದು ಸಣ್ಣ ಕೊಡುಗೆಯಲ್ಲ, ಅದಕ್ಕೆ ನಾವು ಋಣಿಗಳು. ಆದರೆ ಗಡಿಯಾರಕ್ಕೆ ಹೆದರಿ ಚೌಕಟ್ಟಿನಿಂದ ಕೈಬಿಟ್ಟ ಆ ಗುಂಪನ್ನು ಮತ್ತೆ ಒಳಗೆ ಕರೆತರುವ ಕೆಲಸ ಬಾಕಿಯಿದೆ. ಅದನ್ನು ಮಾಡಬೇಕಾದ ಕೈ ಈ ಹೊತ್ತು ಎಲ್ಲಿದೆಯೋ ಯಾರಿಗೆ ಗೊತ್ತು. ಸಯನೈಡ್ ದಿಬ್ಬಗಳ ಕೆಳಗಿನ ಯಾವುದೋ ಶಾಲೆಯಲ್ಲಿ ನೋಟುಪುಸ್ತಕದ ಕೊನೆಯ ಹಾಳೆಯ ಮೇಲೆ ಒಬ್ಬ ಹುಡುಗಿ ಮೇಷ್ಟ್ರ ಮೂಗು ಬರೆಯುತ್ತಿರಬಹುದು. ಮೇಷ್ಟ್ರು ಅದನ್ನು ಕಂಡರೆ ಹರಿದು ಹಾಕದಿರಲಿ. ಅರಳಿ ಎಲೆಯನ್ನು ಮೆಚ್ಚಿದ ಮೈಸೂರಿನ ಆ ಮೇಷ್ಟ್ರ ಹಾಗೆ ಬೆನ್ನು ತಟ್ಟಲಿ.